ಎರಡನೆಯ ಆವೃತ್ತಿಗೂ ಮೊದಲು

ಇಂದು ಶ್ರಾವಣ ಶುದ್ಧ ತೃತೀಯಾ, ಶುಕ್ರವಾರ. ಆಧಾರ: ಜಮಖಂಡಿಯ ನಮ್ಮ ಮನೆಯ ಅಡುಗೆಕೋಣೆಯ ಬಾಗಿಲ ಹಿಂದೆ ತೂಗುಬಿಟ್ಟ ದಿನದರ್ಶಿಕೆ, ಮುಂಗೋಣೆಯ ಪಂಚಾಂಗದೊಡನೆ ತಾಳೆ ನೋಡಲಾಗಿದೆ. ಮಧ್ಯಾಹ್ನದ ನಂತರ ತೃತೀಯಾ ಮುಗಿದು ಚತುರ್ಥಿ ಆರಂಭವಾಗುತ್ತದೆಂದು ಪಂಚಾಂಗ ಹೇಳುವುದರಿಂದ, ಈ ಪ್ರಬಂಧದ ಉತ್ತರಾರ್ಧವನ್ನು ನಾನು ಚತುರ್ಥಿಯಲ್ಲಿ ಬರೆದಿರುವ ಸಂಭವವಿದೆ. ಓದುಗರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕೆಂದು ವಿನಂತಿ. ಇಂಥ ವಿನಂತಿಗಳಿಗೆ ನನ್ನ ಮನೆಯಲ್ಲಿ ಬೆಲೆಯಿಲ್ಲ. ಯಾರಾದರೂ ಬಾಗಿಲಲ್ಲಿ ನಿಂತು ಇವತ್ತಿನ ತಾರೀಖು ಕೇಳಿದರೆ, ನಾನು ಕನ್ನಡಕ ಹುಡುಕುವಷ್ಟರಲ್ಲಿ ನನ್ನ ಪತ್ನಿ ಒಳಗಿನಿಂದಲೇ ಎಚ್ಚರಿಸುತ್ತಾಳೆ: “ಇವರನ್ನ ಕೇಳಬ್ಯಾಡ್ರಿ. ಇವರು ಹೇಳೂ ಹೊತ್ತಿಗೆ ತಾರೀಖು ಬದಲಾಗಿರತೈತಿ.”

ಈ ಮಾತಿನಲ್ಲಿ ಉತ್ಪ್ರೇಕ್ಷೆಯಿದೆ, ಆದರೆ ನಿರಾಧಾರವಲ್ಲ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಸೇವೆಯಲ್ಲಿದ್ದಷ್ಟು ಕಾಲವೂ ನನ್ನ ಕೆಲಸ ತಾರೀಖುಗಳನ್ನು ಸಂಶಯಿಸುವುದೇ ಆಗಿತ್ತು. ನಮ್ಮ ಭಾಗದಲ್ಲಿ ಸಂಶಯಕ್ಕೆ ಬೇಕಾದಷ್ಟು ಅವಕಾಶವೂ ಇದೆ. ಜಮಖಂಡಿ, ಮುಧೋಳಗಳ ಹಳೆಯ ಮೋಡಿ ಲಿಪಿಯ ಕಾಗದಗಳಲ್ಲಿ ವರ್ಷದ ಎಣಿಕೆ ಅರಬ್ಬೀ ಮಾತುಗಳಲ್ಲಿ ಬರುತ್ತದೆ, ಮತ್ತು ಆ ವರ್ಷ ಹುಟ್ಟುವುದು ಮಿರಗ, ಅಂದರೆ ಮೃಗಶಿರಾ ಮಳೆ ಕೂಡಿದಾಗ. ಶಾಸನಗಳ ಶಕವರ್ಷ ಯುಗಾದಿಗೆ ಹುಟ್ಟುತ್ತದೆ. ತೇರದಾಳದ ಜೈನ ಮನೆತನಗಳ ವೀರ ನಿರ್ವಾಣ ವರ್ಷ ದೀಪಾವಳಿಯ ಮಾರನೆಯ ದಿನ ಹುಟ್ಟುತ್ತದೆ. ಕಚೇರಿಗಳದು ಜನವರಿಯಲ್ಲಿ. ಒಟ್ಟಿನಲ್ಲಿ ಮುಧೋಳದಿಂದ ತೇರದಾಳಕ್ಕೆ ಬಸ್ಸಿನಲ್ಲಿ ಹೋಗುವವನು ಟಿಕೇಟು ಒಂದನ್ನೇ ತೆಗೆದುಕೊಂಡರೂ ಇಳಿಯುವುದು ಯಾವ ವರ್ಷದಲ್ಲಿ ಎಂಬುದನ್ನು ವಿಚಾರಿಸಿಕೊಳ್ಳಬೇಕಾಗುತ್ತದೆ.

ಈ ವಿಚಾರಣೆಯ ಶ್ರಮವನ್ನು ತಪ್ಪಿಸುವುದಕ್ಕಾಗಿಯೇ ‘ಕಾಲತಾಳೆ’ ಎಂಬ ತಂತ್ರಾಂಶ ಹುಟ್ಟಿತು. ಒಂದು ಪದ್ಧತಿಯ ತಾರೀಖನ್ನು ಕೊಟ್ಟರೆ ಉಳಿದ ಪದ್ಧತಿಗಳಲ್ಲಿ ಅದು ಯಾವುದೆಂದು ಹೇಳಿ, ಘಟನೆಯನ್ನು ಆಧಾರಸಮೇತ ದಾಖಲಿಸಿಕೊಳ್ಳುತ್ತದೆ. ಬರೆದುಕೊಟ್ಟವಳು ಬನಹಟ್ಟಿಯ ಸವಿತಾ. ನೇಕಾರರ ಮನೆಯ ಮಗಳು; ಸೀರೆ ವ್ಯಾಪಾರಿಗಳ ದಾಸ್ತಾನು ನೋಡಿಕೊಳ್ಳುವ ತಂತ್ರಾಂಶಗಳನ್ನು ಬರೆಯುವುದು ಅವಳ ವೃತ್ತಿ. ನನ್ನದನ್ನು ಬರೆದದ್ದು ಅವಳ ತಂದೆಯ ಪರಿಚಯದ ದಾಕ್ಷಿಣ್ಯಕ್ಕೆ. ಬಳಕೆದಾರರ ಸಂಖ್ಯೆಯನ್ನು ಹೇಳುವಂತೆ ಯಾರೂ ಒತ್ತಾಯಿಸಬಾರದು. ಎಲ್ಲರೂ ಒಂದೇ ಆಟೋದಲ್ಲಿ ಕುಳಿತು, ಇನ್ನೊಂದು ಪಂಚಾಂಗಕ್ಕೂ ಜಾಗ ಉಳಿಸಬಹುದು ಎಂದಷ್ಟೇ ಹೇಳಬಲ್ಲೆ.

ಅವರಲ್ಲಿ ಒಬ್ಬ ನಾನು. ಇನ್ನೊಬ್ಬ ತೇರದಾಳದ ಪಾರಿಸಪ್ಪ, ನನ್ನ ಸಹಪಾಠಿ. ಅರಿಶಿನ ಬೆಲ್ಲಗಳ ವ್ಯಾಪಾರವನ್ನು ಈಚೆಗೆ ತಮ್ಮನಿಗೆ ಬಿಟ್ಟು, ತಮ್ಮೂರಿನಲ್ಲಿ ಯಾವ ಮುನಿಗಳು ಯಾವ ವರ್ಷ ಚಾತುರ್ಮಾಸಕ್ಕೆ ನಿಂತಿದ್ದರೆಂಬುದನ್ನು ಸಂಗ್ರಹಿಸುತ್ತಿದ್ದಾನೆ. ಮೂರನೆಯವರು ಬೀಳಗಿಯ ಕಸ್ತೂರಿ ಅಕ್ಕೋರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ನಿವೃತ್ತರಾದ ಮೇಲೂ ಆ ಪದವಿ ಹೋಗುವುದಿಲ್ಲ. ಅವರ ತವರೂರು ಅನಗವಾಡಿಯ ಆಚೆ ಕೃಷ್ಣೆಯ ದಂಡೆಯಲ್ಲಿತ್ತು; ಈಗ ಹಿನ್ನೀರಿನ ಅಡಿಯಲ್ಲಿದೆ. ಅಲ್ಲಿನ ಬಾವಿ ಯಾವಾಗ ತೋಡಿದ್ದು, ಶಾಲೆಗೆ ಹಂಚು ಯಾವಾಗ ಹೊದಿಸಿದ್ದು ಎಂಬುದನ್ನೆಲ್ಲ ಆ ಊರಿನ ಹಿರಿಯರಿಂದ ಕೇಳಿ ಬರೆದುಕೊಳ್ಳುತ್ತಾರೆ.

ಕಾಲತಾಳೆಯಲ್ಲಿ ಅಕ್ಕೋರಿಗೆ ಒಂದು ಸಂಗತಿಯನ್ನೂ ಸೇರಿಸಲು ಸಾಧ್ಯವಾಗಿರಲಿಲ್ಲ. ಅವರಲ್ಲಿದ್ದದ್ದು ಹೇಳಿಕೆಗಳು, ತಂತ್ರಾಂಶ ಕೇಳುತ್ತಿದ್ದದ್ದು ದಿನ, ತಿಂಗಳು, ವರ್ಷ. ಮೂರರಲ್ಲಿ ಒಂದು ಖಾಲಿಯಿದ್ದರೂ ಪರದೆಯ ನಡುವೆ ಕೆಂಪು ಚೌಕ ಮೂಡಿ ಹೀಗೆನ್ನುತ್ತಿತ್ತು: “ತಾವು ನಮೂದಿಸಿದ ಕಾಲವು ಪರಿಗಣನೆಗೆ ಅರ್ಹವಾದ ಖಚಿತತೆಯನ್ನು ಹೊಂದಿರುವುದಿಲ್ಲ. ದಯಮಾಡಿ ಪುನರ್ವಿಮರ್ಶಿಸಿರಿ.” ವಾಕ್ಯ ನನ್ನದು. ಪಾರಿಸಪ್ಪ ಇದನ್ನು ಮೊದಲ ಸಲ ಕಂಡ ದಿನವೇ ನನಗೆ ಫೋನು ಮಾಡಿ, “ಲೇ, ಕಂಪ್ಯೂಟರ್ ಮಾಡಿಸೀದಿಯೋ, ನಮ್ಮ ಹೆಡ್‌ಮಾಸ್ತರನ್ನ ಒಳಗ ಕುಂದರ್ಸೀದಿಯೋ?” ಎಂದಿದ್ದ.

ಹೊಸ ಆವೃತ್ತಿಯ ಪ್ರಶ್ನೆ ಎದ್ದದ್ದು ಅಕ್ಕೋರು ಹೊಸ ಕಂಪ್ಯೂಟರ್ ಕೊಂಡಾಗ. ಕಾಲತಾಳೆ ಅದರಲ್ಲಿ ತೆರೆಯಲೇ ಇಲ್ಲ. ಹೊಸ ಯಂತ್ರ ತಂದ ಪಾರಿಸಪ್ಪನದೂ ಅದೇ ಕಥೆಯಾಯಿತು. ಕೊನೆಗೆ ಅದು ಉಸಿರಾಡುತ್ತಿದ್ದದ್ದು ನನ್ನ ಹಳೆಯ ಯಂತ್ರವೊಂದರಲ್ಲೇ. ಅದೂ ಪಕ್ಕಕ್ಕೆ ಒಂದು ಪೆಟ್ಟು ಕೊಟ್ಟ ಮೇಲೆ. ಆ ಯಂತ್ರ ನಿಂತ ದಿನ ನಾನು ಸೇರಿಸಿಟ್ಟ ತಾರೀಖುಗಳೆಲ್ಲ ಅದರೊಡನೆಯೇ ಹೋಗುತ್ತವೆಂದು ಸವಿತಾ ಸ್ಪಷ್ಟಪಡಿಸಿದಳು. ಎರಡನೆಯ ಆವೃತ್ತಿ ಆಗಲೇಬೇಕೆಂದು ನಾನು ಸಂಕಲ್ಪ ಮಾಡಿದೆ. ಸಂಕಲ್ಪಕ್ಕೆ ಅವಳು ಒಂದು ಷರತ್ತು ಹಾಕಿದಳು.

“ಸರ, ಗಣಪತಿ ಹಬ್ಬ ದಾಟಿದ ಮ್ಯಾಲ ನನಗ ಪುರುಸೊತ್ತು ಸಿಗೂದಿಲ್ರಿ. ದಸರಾ, ದೀಪಾವಳಿ, ಆಮ್ಯಾಲ ಲಗ್ನದ ಸೀಜನ್ನು; ಸೀರಿ ಅಂಗಡಿಯವರು ಫೋನ್ ಇಡಗೊಡೂದಿಲ್ಲ. ಹೊಸ ಕಂಪ್ಯೂಟರಿನಾಗ ನಡಿಯೂ ಹಂಗ ಪೂರಾ ತಿರುಗಿ ಬರೀತೇನಿ. ಅದರ ಜೋಡಿ ದೊಡ್ಡ ಬದಲಾವಣಿ ಒಂದ ಒಂದು ಮಾಡತೇನಿ. ಯಾವುದು ಅನ್ನೂದನ್ನ ಮೂರೂ ಮಂದಿ ಕೂಡಿ ಮೊದಲ ಹೇಳ್ರಿ. ಮಗ್ಗಕ್ಕ ಹಾಸು ಹೂಡಿದ ಮ್ಯಾಲ ಎಳಿ ಲೆಕ್ಕ ಬದಲ್ ಮಾಡ್ರಿ ಅಂದ್ರ ಆಗೂದಿಲ್ರಿ.”

ನಾನು ಯೋಜನೆಯನ್ನು ಸಿದ್ಧಪಡಿಸಿದೆ. ಅದಕ್ಕೆ ಪೀಠಿಕೆ, ಪೂರ್ವೇತಿಹಾಸ, ಪರಿಭಾಷೆಯ ವಿವರಣೆ ಹಾಗೂ ಅಡಿಟಿಪ್ಪಣಿಗಳಿದ್ದವು. ಸವಿತಾ ಪುಟಗಳನ್ನು ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ತಿರುವಿ, “ಸರ, ಯಾವ ಬಟನ್ ಎಲ್ಲಿ ಬರಬೇಕು ಅನ್ನೂದು ಇದರಾಗ ಎಲ್ಲೈತ್ರಿ?” ಎಂದಳು. ಅದು ಉಪಸಂಹಾರದಲ್ಲಿ ಸೂಚ್ಯವಾಗಿದೆಯೆಂದು ತಿಳಿಸಿದೆ. ಅವಳು ಉಪಸಂಹಾರವನ್ನು ಓದಿದಳು, ಮತ್ತೊಮ್ಮೆ ಓದಿದಳು, ನೀರು ಕೇಳಿದಳು.

ಸೂಚ್ಯವಾದದ್ದನ್ನು ಇಲ್ಲಿ ವಾಚ್ಯವಾಗಿಯೇ ಹೇಳುತ್ತೇನೆ. ನಾನು ಬಯಸಿದ ದೊಡ್ಡ ಬದಲಾವಣೆಯೆಂದರೆ ‘ದ್ವಿ-ಆಧಾರ ನಿಯಮ’. ಇಷ್ಟು ದಿನ ಯಾವುದೇ ತಾರೀಖಿಗೆ ಒಂದು ಆಧಾರ ಸಾಕಿತ್ತು. ಇನ್ನು ಮುಂದೆ ಎರಡು ಬೇಕು. ಎರಡೂ ಒಂದಕ್ಕೊಂದು ಸಂಬಂಧವಿಲ್ಲದವಾಗಿರಬೇಕು. ಹೊಂದದಿದ್ದರೆ ನಮೂದು ನಿರಾಕೃತವಾಗಬೇಕು. ಅಕ್ಕೋರು ಬಯಸಿದ್ದು ಇದಕ್ಕೆ ನೇರ ವಿರುದ್ಧ. ತಾರೀಖೇ ಇಲ್ಲದ ಸಂಗತಿಯನ್ನೂ ತಂತ್ರಾಂಶ ಒಳಗೆ ಕರೆದುಕೊಳ್ಳಬೇಕೆಂಬುದು ಅವರ ಬೇಡಿಕೆ.

ತೀರ್ಮಾನಕ್ಕಾಗಿ ನಮ್ಮ ಮುಂಗೋಣೆಯಲ್ಲಿ ಸಭೆ ಸೇರಿತು. ಚುರುಮುರಿ ನೆನೆಸಿ ಒಗ್ಗರಿಸಿದ ಸುಸಲಾ, ಚಹಾ. ಅಧ್ಯಕ್ಷತೆ ನನ್ನದೆಂದು ನಾನು ಭಾವಿಸಿದ್ದೆ; ಪಾರಿಸಪ್ಪ ಹೋಗಿ ನನ್ನ ಕುರ್ಚಿಯಲ್ಲಿ ಕುಳಿತದ್ದರಿಂದ ಆ ವಿಷಯ ಇತ್ಯರ್ಥವಾಗಲಿಲ್ಲ.

ಅಕ್ಕೋರು ಹೇಳಿದರು: “ಸರ, ನಮ್ಮೂರ ಮುದುಕಿ ಯಲ್ಲವ್ವಾಯಿಗೆ ಆ ಬಾವಿ ತೋಡಿದ್ದು ನೆನಪೈತ್ರಿ. ಯಾವಾಗ ಅಂದ್ರ, ‘ನನ್ನ ಹಿರೇಮಗಳು ತೊಟ್ಟಿಲದಾಗ ಇದ್ಲು’ ಅಂತಾಳ. ನಿಮ್ಮ ಕಂಪ್ಯೂಟರ್ ತಾರೀಖು ಕೇಳತೈತಿ. ಆಕಿ ಎಲ್ಲಿಂದ ತರ್ಲಿರಿ ತಾರೀಖು?”

“ಅಕ್ಕೋರ, ತೊಟ್ಟಿಲು ಕಾಲಮಾನವಲ್ಲ,” ಎಂದೆ.

“ಅಲ್ಲ ಬಿಡ್ರಿ. ಆದ್ರ ಆಕೀಗೆ ಈಗ ಕಿವಿ ಕೇಳಸೂದಿಲ್ಲ. ಬಾವಿ ನೋಡಿದವರು ಆಕಿ ಬಿಟ್ರ ಇನ್ನೊಬ್ಬಾಕಿ ಅದಾಳ, ಆಕಿ ಹಾಸಿಗಿ ಹಿಡಿದಾಳ. ಬಾವಿ ನೀರಾಗೈತಿ. ನೀವು ಎರಡು ಆಧಾರ ಕೇಳಿದ್ರ ನಾ ಯಾರನ್ನ ಕರಕೊಂಡು ಬರ್ಲಿ, ಮೊಸಳಿನ?”

ಪಾರಿಸಪ್ಪ ಚಹಾ ಚೆಲ್ಲಿಕೊಳ್ಳುವಷ್ಟು ನಕ್ಕ. ನಾನು ನಗಲಿಲ್ಲ. ಒಂದು ಸಡಿಲ ತಾರೀಖನ್ನು ಒಳಗೆ ಬಿಟ್ಟರೆ ಅದು ಪುಸ್ತಕದಿಂದ ಪುಸ್ತಕಕ್ಕೆ ಹಾರುತ್ತಾ ಹೋಗಿ, ಮೂರನೆಯ ಪುಸ್ತಕದ ಹೊತ್ತಿಗೆ ಶಿಲಾಶಾಸನದಷ್ಟು ಗಟ್ಟಿಯಾಗಿ ಕುಳಿತುಬಿಡುವುದನ್ನು ನಾನು ಕಂಡಿದ್ದೇನೆ. ಅದನ್ನು ಅಲ್ಲಿಂದ ಎಬ್ಬಿಸಲು ವರ್ಷಗಟ್ಟಲೆ ಲೇಖನ ಬರೆದಿದ್ದೇನೆ. ಹಾಗೆಂದು ಹೇಳಿದೆ. ಅಕ್ಕೋರು ಕೇಳಿಸಿಕೊಂಡು, “ಹಂಗಾದ್ರ ನಾ ವಹಿಯಾಗ ಬರಕೋತೇನ್ರಿ ಸರ. ನಿಮಗ ತ್ರಾಸ ಬ್ಯಾಡ,” ಎಂದು ಚೀಲ ಕೈಗೆತ್ತಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾದಿಸಬಹುದಿತ್ತು. ಸವಿತಾ ನಡುವೆ ಬಂದು, “ಸರ ಹೇಳಿದ್ದ ಮೊದಲ ಮಾಡಿ ತೋರಸ್ತೇನಿ. ನಡೀತಂದ್ರ ಇರ್ಲಿ, ಇಲ್ಲಂದ್ರ ಅಕ್ಕೋರದ ಮಾಡೂಣು. ಆದ್ರ ಅಕ್ಕೋರ, ನೀವೂ ಬರಬೇಕ್ರಿ,” ಎಂದಳು. ಅಕ್ಕೋರು ಒಪ್ಪಿದರು, ನಾನು ಗೆದ್ದೆನೆಂದು ತಿಳಿದು ಉಳಿದ ಸುಸಲಾ ತಿಂದೆ.

ಮುಂದಿನ ಸಭೆಗೆ ಸವಿತಾ ತನ್ನ ಲ್ಯಾಪ್‌ಟಾಪಿನಲ್ಲಿ ಮಾದರಿಯೊಂದನ್ನು ತಂದಳು. ಪರದೆ ಸುಂದರವಾಗಿತ್ತು. ಸೀರೆಯ ದಡಿಯಂತೆ ಸುತ್ತಲೂ ಕೆಂಪು ಅಂಚು; ನಡುವೆ ಆಧಾರಗಳಿಗೆ ಎರಡು ಅಂಕಣ. “ಮೊದಲ ನಮೂದು ಛಲೋದು ಇರ್ಲಿ ಸರ, ನೀವ ಹೇಳ್ರಿ,” ಎಂದಳು. ಆ ಕ್ಷಣದ ಗಾಂಭೀರ್ಯಕ್ಕೆ ತಕ್ಕ ಘಟನೆಯೊಂದೇ ನನಗೆ ತೋಚಿತು: ಕಾಲತಾಳೆಯ ಮೊದಲ ಆವೃತ್ತಿಯ ಸ್ಥಾಪನೆ. ಎರಡನೆಯದು ತನ್ನ ಹಿರಿಯಣ್ಣನಿಗೆ ನಮಸ್ಕರಿಸಿ ಕೆಲಸ ಆರಂಭಿಸುವುದು ಉಚಿತವೆಂದು ಸಭೆಗೆ ತಿಳಿಸಿ, ನಿಧಾನವಾಗಿ ಬರೆಯಿಸತೊಡಗಿದೆ.

“ಸ್ಥಳ, ಜಮಖಂಡಿಯ ನಮ್ಮ ಮನೆ. ದಿನ, ಆ ವರ್ಷದ ಆಯುಧಪೂಜೆ. ಕಂಪ್ಯೂಟರಿಗೆ ಕುಂಕುಮ ಹಚ್ಚಿದ್ದೆವು. ಪಾರಿಸಪ್ಪ ಪೇಢೆ ತಂದಿದ್ದ.”

“ನಾನs?” ಎಂದ ಪಾರಿಸಪ್ಪ. “ಆಯುಧಪೂಜಿ ದಿನ ನಾ ಅಂಗಡಿ ಬಿಟ್ಟು ಜಮಖಂಡಿಗೆ ಬರ್ತೇನೇನಲೇ? ತಕ್ಕಡಿಗೆ ಪೂಜಿ ಯಾರು ಮಾಡಬೇಕು, ನೀ ಬಂದು ಮಾಡಿದ್ಯಾ? ಪೇಢೆ ತಂದದ್ದು ಖರೆ. ಅದು ಸಂಕ್ರಮಣದಾಗ. ಎಳ್ಳು ಬೆಲ್ಲ ಕೊಡಾಕ ಬಂದಿದ್ನಿ.”

“ನಮ್ಮ ಮನೆಯಲ್ಲೇ ಅಲ್ಲವೇ?”

“ಮನಿ ನಿಂದs. ಆದ್ರ ಆಗ ಕಂಪ್ಯೂಟರ್ ಎಲ್ಲಿತ್ತು? ಖಾಲಿ ಮೇಜು ತೋರ್ಸಿ, ಇಲ್ಲಿ ಬರತೈತಿ ಅಂದಿದ್ದಿ.”

ನಾನು ಸವಿತಾಳ ಕಡೆ ನೋಡಿದೆ. ಅವಳು ಮುಖ ಸಣ್ಣದು ಮಾಡಿಕೊಂಡು, “ಸರ, ಇನ್‌ಸ್ಟಾಲ್ ಮಾಡಿದ್ದು ಬನಹಟ್ಟಿಯಾಗ್ರಿ, ನಮ್ಮ ಅಂಗಡಿಯಾಗ. ನೀವು ಕಂಪ್ಯೂಟರ್ ಚಾದರದಾಗ ಕಟಗೊಂಡು ಬಸ್ಸಿನಾಗ ತಂದಿದ್ರಿ. ಕಂಡಕ್ಟರ್ ಅದಕ್ಕೂ ಟಿಕೇಟ್ ತಗೋರಿ ಅಂದಿದ್ದ. ಬ್ಯಾಸಿಗಿ ಇತ್ರಿ,” ಎಂದಳು. ನಾನು ಪತ್ನಿಯನ್ನು ಕರೆದೆ. ನಿಷ್ಪಕ್ಷಪಾತ ಸಾಕ್ಷಿ, ಕಾಲತಾಳೆಯ ಬಗ್ಗೆ ಅವಳಿಗೆ ಎಂದೂ ಯಾವ ಆಸಕ್ತಿಯೂ ಇರಲಿಲ್ಲ. ಅವಳು ಬಾಗಿಲಿಗೊರಗಿ ಯೋಚಿಸಿ, “ಧೋ ಅಂತ ಮಳಿ. ಕರೆಂಟ್ ಹೋಗಿತ್ತು. ಅದು ಚಾಲೂನ ಆಗಲಿಲ್ಲ. ನೀವು ಊಟ ಬಿಟ್ಟು ಕುಂತಿದ್ರಿ,” ಎಂದು ಒಳಗೆ ಹೋದಳು.

ಸವಿತಾ ಯಾವ ಮುಖದಾಕ್ಷಿಣ್ಯವೂ ಇಲ್ಲದೆ ಎಲ್ಲರ ಹೇಳಿಕೆಗಳನ್ನೂ ಅಂಕಣಗಳಲ್ಲಿ ತುಂಬಿ ಗುಂಡಿ ಒತ್ತಿದಳು. ಪರದೆಯ ನಡುವೆ ಕೆಂಪು ಚೌಕ ಮೂಡಿತು. ನನ್ನ ವಾಕ್ಯವನ್ನು ನನಗೇ ತೋರಿಸಿತು: ತಾವು ನಮೂದಿಸಿದ ಕಾಲವು ಪರಿಗಣನೆಗೆ ಅರ್ಹವಾದ ಖಚಿತತೆಯನ್ನು ಹೊಂದಿರುವುದಿಲ್ಲ. ‘ದಯಮಾಡಿ’ ಎಂಬ ಪದ ಇಷ್ಟು ಒರಟಾಗಿ ಕಾಣಬಲ್ಲದೆಂದು ನಾನು ಎಂದೂ ಅಂದುಕೊಂಡಿರಲಿಲ್ಲ.

“ಅಂದ್ರ ಮೊದಲನೇದು ಆಗೇ ಇಲ್ಲ,” ಪಾರಿಸಪ್ಪ ನನ್ನ ಕುರ್ಚಿಯಲ್ಲಿ ಇನ್ನಷ್ಟು ಆರಾಮಾಗಿ ಒರಗಿದ. “ಮೊದಲನೇದ ಇಲ್ಲ ಅಂದ ಮ್ಯಾಲ ಇದನ್ನ ಎರಡನೇದು ಅಂತ ಹೆಂಗ ಕರೀತೀಯೋ ಮಾರಾಯಾ?”

ನಾನು ಸುಮ್ಮನೆ ಬಿಡುವವನಲ್ಲ. ಹಳೆಯ ಪತ್ರಗಳನ್ನು ಹುಡುಕಿದರೆ ಸಿಕ್ಕೀತೆಂದೆ. ಬಸ್ಸಿನ ಟಿಕೇಟು ಪುಸ್ತಕವೊಂದರಲ್ಲಿ ಗುರುತಿಗೆ ಇಟ್ಟಿರಬಹುದೆಂದೆ. ವಿದ್ಯುತ್ ಹೋದ ದಿನಗಳ ದಾಖಲೆ ಕಚೇರಿಯಲ್ಲಿ ಇದ್ದೀತೆಂದೆ. ಆಗ ಕಸ್ತೂರಿ ಅಕ್ಕೋರು, ಮಕ್ಕಳಿಗೆ ಪಾಟಿಯ ಮೇಲೆ ಬರೆಯಿಸುವ ದನಿಯಲ್ಲಿ ಹೇಳಿದರು: “ಮೊದಲನೇದು ಯಾವಾಗ ಆತು ಅನ್ನೂದು ಬಿಡ್ರಿ ಸರ. ಎರಡನೇದಕ್ಕಿಂತ ಮೊದಲ ಆತು ಅಂತ ಬರೀರಿ. ಅದಕ್ಕ ನಾವೆಲ್ಲಾರೂ ಸಾಕ್ಷಿ ಅದೀವಿ.”

ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು, ಆದರೆ ನಗುತ್ತಿರುವಾಗಲೇ ನನ್ನೊಳಗಿನ ಸಂಶೋಧಕ ಎದ್ದು ಕುಳಿತ. ಇದರಲ್ಲಿ ತಪ್ಪೇನಿದೆ? ತಾರೀಖು ಒಡೆದುಹೋದ ಶಾಸನವನ್ನು ನಾವು ಎಸೆಯುತ್ತೇವೆಯೇ? ಇಂಥ ಅರಸನ ನಂತರದ್ದು, ಇಂಥ ಗುಡಿಗಿಂತ ಮೊದಲಿನದು ಎಂದು ಎರಡು ಗೂಟಗಳ ನಡುವೆ ಕಟ್ಟಿಹಾಕುತ್ತೇವೆ. ಸಡಿಲ ತಾರೀಖು ಬೇರೆ, ಕಟ್ಟಿಹಾಕಿದ ಅನಿಶ್ಚಯ ಬೇರೆ. ಅದು ಸುಳ್ಳಿಗೆ ದಾರಿ, ಇದು ಶಾಸ್ತ್ರ. ಇಷ್ಟು ದಿನ ಕಲ್ಲಿಗೆ ತೋರಿಸಿದ ಉದಾರತೆಯನ್ನು ಯಲ್ಲವ್ವಾಯಿಗೆ ತೋರಿಸದಿರಲು ನನ್ನ ಬಳಿ ಆಧಾರವಿರಲಿಲ್ಲ. ಒಂದೂ ಇರಲಿಲ್ಲ, ಎರಡರ ಮಾತು ಹಾಗಿರಲಿ.

ಸೋತೆನೆಂದು ಒಪ್ಪಿಕೊಂಡು ಸುಮ್ಮನಾಗುವುದು ನನ್ನ ಸ್ವಭಾವದಲ್ಲಿಲ್ಲ. ಅಕ್ಕೋರ ಬೇಡಿಕೆಯನ್ನು ಅಕ್ಕೋರಿಗಿಂತ ಹೆಚ್ಚು ಹಟದಿಂದ ನಾನೇ ಹಿಡಿದುಕೊಂಡೆ. ಎರಡನೆಯ ಆವೃತ್ತಿಯಲ್ಲಿ ಪ್ರತಿ ಘಟನೆಗೂ ‘ಇದಕ್ಕಿಂತ ಮೊದಲು’, ‘ಇದರ ನಂತರ’ ಎಂಬ ಎರಡು ಕೊಂಡಿಗಳಿರುತ್ತವೆ. ಯಾರು ಹೇಳಿದ್ದೆಂಬುದು ಕಡ್ಡಾಯ. ಕೊಂಡಿಗಳು ಒಂದಕ್ಕೊಂದು ವಿರುದ್ಧವಾದರೆ ಮಾತ್ರ ಕೆಂಪು ಚೌಕ. ಯೋಜನೆಯನ್ನು ಹೊಸದಾಗಿ ಬರೆದೆ. ಈ ಸಲ ಪೀಠಿಕೆಯನ್ನು ಅರ್ಧ ಪುಟಕ್ಕೆ ಇಳಿಸಿದ್ದೆ. ಸವಿತಾ ಅದರ ಮೇಲೆ ಅಡ್ಡಗೆರೆ ಎಳೆದು, ಕೆಳಗಿನ ಚಿತ್ರವನ್ನಷ್ಟೇ ಇಟ್ಟುಕೊಂಡಳು. “ಈಗ ಹಾಸು ಹೂಡಾಕ ಬರತೈತ್ರಿ,” ಎಂದಳು.

ಹೊಸ ಮಾದರಿ ಬಂದ ದಿನ ನಾವು ಬೀಳಗಿಗೇ ಹೋದೆವು. ಅಕ್ಕೋರು ಯಲ್ಲವ್ವಾಯಿಯನ್ನು ಅಂಗಳದ ಮಂಚದ ಮೇಲೆ ಕೂರಿಸಿದ್ದರು. ಬಾವಿ ತೋಡಿದಾಗ ಹಿರಿಯ ಮಗಳು ತೊಟ್ಟಿಲಲ್ಲಿದ್ದಳು. ಆ ಮಗಳು ಹುಟ್ಟಿದ ವರ್ಷ ಶಾಲೆಯ ದಾಖಲಾತಿಯಲ್ಲಿತ್ತು. ಬಾವಿಯ ನೀರನ್ನು ಮೊದಲು ಕುಡಿದದ್ದು ಮೈದುನನ ಲಗ್ನದ ಬೀಗರು; ಆ ಲಗ್ನದ ಆಮಂತ್ರಣ ಪತ್ರಿಕೆಯನ್ನು ಯಾರೋ ದೇವರ ಫೋಟೋದ ಹಿಂದೆ ಇಟ್ಟುಕೊಂಡಿದ್ದರು. ಅಕ್ಕೋರು ಒಂದೊಂದಾಗಿ ಒತ್ತುತ್ತಾ ಹೋದರು. ಕೆಂಪು ಚೌಕ ಬರಲಿಲ್ಲ. ಬಾವಿ ಎರಡು ಮುಂಗಾರುಗಳ ನಡುವೆ ಬಂದು ನಿಂತಿತು. ಅಕ್ಕೋರು ಪರದೆಯನ್ನು ಸ್ವಲ್ಪ ಹೊತ್ತು ನೋಡಿ, ಮುದುಕಿಯ ಕಿವಿಯ ಹತ್ತಿರ ಬಾಯಿಟ್ಟು, “ಆಯೀ, ನಿನ್ನ ಬಾವಿ ಬಂತ ನೋಡ,” ಎಂದು ಕೂಗಿದರು.

“ನೀರು ಸೀ ಇತ್ತು,” ಎಂದಳು ಯಲ್ಲವ್ವಾಯಿ. ನೀರಿನ ಸಿಹಿಯನ್ನು ನಮೂದಿಸಲು ನಮ್ಮಲ್ಲಿ ಅಂಕಣವಿರಲಿಲ್ಲ. ಸೇರಿಸುವಂತೆ ಸವಿತಾಳಿಗೆ ಹೇಳಿದೆ. ದೊಡ್ಡ ಬದಲಾವಣೆ ಒಂದೇ ಎಂಬ ಷರತ್ತನ್ನು ಅವಳು ಆಗ ನೆನಪಿಸಲಿಲ್ಲ.

ಗಣಪತಿ ಹಬ್ಬಕ್ಕೆ ಇನ್ನೂ ಸಮಯವಿದೆ, ಆವೃತ್ತಿ ಆಗುತ್ತದೆ. ಆಗುವವರೆಗೆ ನಾನು ಬಿಡುವುದಿಲ್ಲ. ಆದರೆ ಪ್ರಕಟಣೆಗೆ ಕಳಿಸುವ ಮೊದಲು ಬರೆದದ್ದನ್ನೆಲ್ಲ ತಾಳೆ ನೋಡುವುದು ನನ್ನ ಪದ್ಧತಿಯಾದ್ದರಿಂದ, ಇಲ್ಲಿ ಒಂದು ದಾಖಲೆಯನ್ನು ಉಲ್ಲೇಖಿಸದೆ ನಿರ್ವಾಹವಿಲ್ಲ. ನನ್ನ ಹಳೆಯ ಯಂತ್ರದಿಂದ ತಾರೀಖುಗಳನ್ನು ಹೊಸದಕ್ಕೆ ಸಾಗಿಸುವಾಗ, ಮೊದಲ ಆವೃತ್ತಿ ಸ್ಥಾಪನೆಯಾದ ದಿನವನ್ನು ಯಂತ್ರವೇ ಗುರುತುಹಾಕಿ ಇಟ್ಟುಕೊಂಡಿರುವುದು ಸವಿತಾಳ ಕಣ್ಣಿಗೆ ಬಿತ್ತು. ಅದು ನನ್ನ ಆಯುಧಪೂಜೆಯಲ್ಲ, ಪಾರಿಸಪ್ಪ ಹೇಳುವ ಸಂಕ್ರಮಣದ ಆಚೆಯದೂ ಅಲ್ಲ, ಸವಿತಾಳ ಬೇಸಿಗೆಯಲ್ಲ, ನನ್ನ ಪತ್ನಿಯ ಮಳೆಯೂ ಅಲ್ಲ. ಯಂತ್ರದ ಪ್ರಕಾರ ಅದು 1980ರ ಜನವರಿ ಒಂದು. ಆಗ ಸವಿತಾ ಹುಟ್ಟಿರಲಿಲ್ಲ. ಅವಳ ತಂದೆತಾಯಿಗಳ ಲಗ್ನವೂ ಆಗಿರಲಿಲ್ಲ.

“ಅದರಾಗಿನ ಗಡಿಯಾರದ ಸೆಲ್ ಮೊದಲಿಂದನೂ ಸತ್ತೈತ್ರಿ ಸರ,” ಎಂದಳು ಅವಳು. “ಬಂದ್ ಮಾಡಿದಾಗೊಮ್ಮೆ ಅದು ಎಲ್ಲಾ ಮರ್ತು, ಮತ್ತ ಚಾಲೂ ಮಾಡಿದ್ರ ಅದs ತಾರೀಖಿಗೆ ಹೋಗಿ ನಿಂದರತೈತಿ. ಪರದಿ ಮೂಲ್ಯಾಗ ದಿನಾ ತೋರಸ್ತಿತ್ತಲ್ರಿ, ನೀವು ನೋಡೇ ಇಲ್ಲೇನು?”

ನೋಡಿರಲಿಲ್ಲ. ನನ್ನ ಎದುರಿಗೆ ಪಂಚಾಂಗವಿರುತ್ತಿತ್ತು. ಆದರೂ ದಾಖಲೆ ದಾಖಲೆಯೇ. ಲಿಖಿತವಾದದ್ದು, ಸಮಕಾಲೀನವಾದದ್ದು, ಮನುಷ್ಯರ ಕೈ ತಾಗದ್ದು: ಉತ್ತಮ ಆಧಾರಕ್ಕೆ ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಿದ್ದ ಮೂರೂ ಲಕ್ಷಣಗಳು ಅದಕ್ಕಿವೆ. ಅದನ್ನು ಹೊಸ ಮಾದರಿಯಲ್ಲಿ, ಅಕ್ಕೋರು ಅಂದು ಹೇಳಿದ ಒಂದೇ ಕೊಂಡಿಯೊಡನೆ, ಯಥಾವತ್ತಾಗಿ ನಮೂದಿಸಿ, ಕೆಂಪು ಚೌಕಕ್ಕಾಗಿ ಕಾದು ಕುಳಿತೆ. ತಂತ್ರಾಂಶ ತನ್ನ ಕೊಂಡಿಗಳನ್ನೆಲ್ಲ ಪರಿಶೀಲಿಸಿ, ನಾನೇ ರೂಪಿಸಿದ ನಿಯಮದ ಪ್ರಕಾರ ಯಾವ ಆಕ್ಷೇಪವನ್ನೂ ಎತ್ತದೆ ಅದನ್ನು ಸ್ವೀಕರಿಸಿತು. ಎರಡನೆಯದಕ್ಕಿಂತ ಮೊದಲೇ ತಾನೆ.